ಗಾಳಿ ಹೋದ ಮೇಲೂ ಉರುಳುವ ಚಕ್ರ

ಲಾರಿ ಚಾಲಕರಿಂದ ಹಿಡಿದು ಕಾರಿನ ಮಾಲೀಕರವರೆಗೆ ಕರ್ನಾಟಕದಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು ‘ಸ್ಟೆಪ್ನಿ’. ಪಂಕ್ಚರ್ ಆದಾಗ ಹಾಕಿಕೊಳ್ಳಲೆಂದು ವಾಹನದಲ್ಲಿ ಇಟ್ಟುಕೊಂಡಿರುವ ಐದನೆಯ ಚಕ್ರಕ್ಕೆ ಕನ್ನಡದಲ್ಲಿ ಇದಕ್ಕಿಂತ ಬಳಕೆಯ ಹೆಸರು ಬೇರೊಂದಿಲ್ಲ. ಇಂಗ್ಲಿಷ್ ಬಲ್ಲವರು ಅದನ್ನು ಇಂಗ್ಲಿಷ್ ಶಬ್ದವೆಂದೇ ತಿಳಿದಿರುತ್ತಾರೆ. ಆದರೆ ಇಂದು ಲಂಡನ್ನಿನಲ್ಲಿ ನಿಂತು ಯಾರನ್ನಾದರೂ ‘ಸ್ಟೆಪ್ನಿ ಎಲ್ಲಿದೆ’ ಎಂದು ಕೇಳಿದರೆ, ಆ ಊರಿನ ಪೂರ್ವ ಭಾಗದಲ್ಲಿರುವ ಅದೇ ಹೆಸರಿನ ಬಡಾವಣೆಗೆ ದಾರಿ ತೋರಿಸಿಯಾರೇ ಹೊರತು ಡಿಕ್ಕಿ ತೆರೆದು ಚಕ್ರ ತೋರಿಸಲಾರರು. ಹುಟ್ಟಿದ ನಾಡಿನಲ್ಲಿ ಸತ್ತುಹೋದ ಆ ಶಬ್ದ ನಮ್ಮಲ್ಲಿ ನೂರು ವರ್ಷ ಮೀರಿಯೂ ಬದುಕಿದೆ.

ಹೆಸರು ಬದುಕಿದೆಯಾದರೂ ಆ ಐದನೆಯ ಚಕ್ರಕ್ಕೆ ಈಗ ಕುತ್ತು ಬಂದಿದೆ. ಹಲವು ದುಬಾರಿ ಕಾರುಗಳ ಡಿಕ್ಕಿಯಲ್ಲಿ ಸ್ಟೆಪ್ನಿಗೆ ಜಾಗವೇ ಇರುವುದಿಲ್ಲ. ಅದರ ಬದಲಿಗೆ ಅವುಗಳಿಗೆ ‘ರನ್ ಫ್ಲಾಟ್’ ಎಂಬ ಬಗೆಯ ಟೈರುಗಳನ್ನು ಹಾಕಿರುತ್ತಾರೆ. ಗಾಳಿ ಪೂರ್ತಿ ಹೋದ ಮೇಲೂ ಒಂದಷ್ಟು ದೂರ ಓಡಬಲ್ಲ ಟೈರು ಎಂಬುದು ಆ ಹೆಸರಿನ ಅರ್ಥ. ಹಳೆಯ ದುಬಾರಿ ಕಾರನ್ನು ಕೊಂಡವರು, ಹೊಸ ಟೈರು ಹಾಕಿಸಲು ಹೊರಟವರು, ರಾತ್ರಿ ಪ್ರಯಾಣದ ಭಯವುಳ್ಳವರು ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಇದು ನಮ್ಮ ಕಾರಿಗೆ ಹೊಂದೀತೇ? ಈ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಮೊದಲು ಟೈರಿನೊಳಗಿನ ಗಾಳಿ ಮಾಡುವ ಕೆಲಸವೇನು ಎಂಬುದನ್ನು ತಿಳಿಯಬೇಕು.

ಭಾರ ಹೊರುವುದು ಗಾಳಿ

ಕಾರನ್ನು ಹೊತ್ತಿರುವುದು ಟೈರಿನ ರಬ್ಬರು ಎಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವದಲ್ಲಿ ಬಹುಪಾಲು ಭಾರವನ್ನು ಹೊರುವುದು ಒಳಗೆ ಒತ್ತಿ ತುಂಬಿದ ಗಾಳಿ. ರಬ್ಬರು, ಅದರೊಳಗಿನ ನೂಲು ಮತ್ತು ಉಕ್ಕಿನ ತಂತಿಗಳ ಕೆಲಸ ಆ ಗಾಳಿಯನ್ನು ಹಿಡಿದಿಡುವುದು.

ಒಂದು ಸರಳ ಲೆಕ್ಕ ಹಾಕಬಹುದು. ಪ್ರಯಾಣಿಕರೂ ಸೇರಿ 1,200 ಕಿಲೋ ತೂಗುವ ಕಾರಿನ ಒಂದೊಂದು ಚಕ್ರದ ಪಾಲಿಗೆ ಸುಮಾರು 300 ಕಿಲೋ ಭಾರ ಬೀಳುತ್ತದೆ. ಪೆಟ್ರೋಲ್ ಬಂಕಿನಲ್ಲಿ ‘32 ಹಾಕಿ’ ಎಂದು ಹೇಳಿ ತುಂಬಿಸುವ ಗಾಳಿಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಎರಡೂಕಾಲು ಕಿಲೋ. 300 ಕಿಲೋ ಭಾರವನ್ನು ಎರಡೂಕಾಲರಿಂದ ಭಾಗಿಸಿದರೆ ಸುಮಾರು 133 ಚದರ ಸೆಂಟಿಮೀಟರ್. ಅಂದರೆ ಒಂದೊಂದು ಟೈರು ನೆಲವನ್ನು ಮುಟ್ಟುವುದು ಹೆಚ್ಚು ಕಡಿಮೆ ಒಂದು ಅಂಚೆ ಕಾರ್ಡಿನಷ್ಟು ಜಾಗದಲ್ಲಿ. ನಾಲ್ಕು ಅಂಚೆ ಕಾರ್ಡುಗಳ ಮೇಲೆ ಇಡೀ ಸಂಸಾರ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ.

ಗಾಳಿ ಹೋದರೆ ಈ ವ್ಯವಸ್ಥೆ ಕುಸಿಯುತ್ತದೆ. ಟೈರಿನ ಎರಡು ಪಕ್ಕೆಗಳೂ ಮಡಚಿ ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿಕೊಳ್ಳುತ್ತವೆ. ಚಕ್ರ ಒಂದು ಸುತ್ತು ಸುತ್ತಿದಾಗ ಪಕ್ಕೆಯ ಪ್ರತಿಯೊಂದು ಭಾಗವೂ ಒಮ್ಮೆ ಮಡಚಿ ಒಮ್ಮೆ ಬಿಚ್ಚಿಕೊಳ್ಳುತ್ತದೆ. ಸಾಧಾರಣ ಕಾರಿನ ಚಕ್ರ 60 ಕಿಲೋಮೀಟರ್ ವೇಗದಲ್ಲಿ ನಿಮಿಷಕ್ಕೆ 500ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಅದು ಬಿಸಿಯೇರಿ ಮುರಿಯುವುದನ್ನು ಎಲ್ಲರೂ ಬಲ್ಲರು. ರಬ್ಬರಿನ ಗತಿಯೂ ಅದೇ. ಕೆಲವೇ ನಿಮಿಷಗಳಲ್ಲಿ ಪಕ್ಕೆ ಕಾದು, ಹರಿದು, ಟೈರು ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ನಿಧಾನವಾಗಿ ಗಾಳಿ ಇಳಿದರೆ ಚಾಲಕನಿಗೆ ಎಚ್ಚರವಾಗಲು ಅವಕಾಶ ಉಂಟು. ವೇಗದಲ್ಲಿದ್ದಾಗ ಒಮ್ಮೆಗೇ ಹೋದರೆ ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತದೆ, ಕಾರು ಹತೋಟಿ ತಪ್ಪುತ್ತದೆ. ಹೆದ್ದಾರಿಯಲ್ಲಿ ಟೈರು ಒಡೆದು ಸಂಭವಿಸುವ ಅಪಘಾತಗಳ ಹಿಂದಿನ ಕಥೆ ಇಷ್ಟೇ.

ಮೊಳೆಯೊಡನೆ ನೂರೆಂಬತ್ತು ವರ್ಷ

ಗಾಳಿ ತುಂಬಿದ ಚಕ್ರದ ಕಲ್ಪನೆ ಮೋಟಾರು ಕಾರಿಗಿಂತ ಹಳೆಯದು. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬಾತ 1845ರಲ್ಲಿ, ತನ್ನ 23ನೆಯ ವಯಸ್ಸಿನಲ್ಲಿ, ಅದಕ್ಕೆ ಪೇಟೆಂಟ್ ಪಡೆದ. ರಬ್ಬರು ಲೇಪಿಸಿದ ಬಟ್ಟೆಯ ಕೊಳವೆ, ಅದರ ಹೊರಗೆ ತೊಗಲಿನ ಹೊದಿಕೆ. ಕುದುರೆ ಗಾಡಿಗೆ ಹಾಕಿ ಲಂಡನ್ನಿನಲ್ಲಿ ಪರೀಕ್ಷೆಯನ್ನೂ ಮಾಡಿದ. ಗಾಡಿ ಸದ್ದಿಲ್ಲದೆ ಹಗುರವಾಗಿ ಓಡಿತು. ಆದರೆ ಅದನ್ನು ಕೊಳ್ಳುವವರಿರಲಿಲ್ಲ. ಥಾಮ್ಸನ್ ಮರೆತುಹೋದ.

ನಾಲ್ಕು ದಶಕಗಳ ತರುವಾಯ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲು ಕಲ್ಲಿನ ಹಾದಿಯಲ್ಲಿ ಕುಲುಕದಿರಲೆಂದು ಅದೇ ಉಪಾಯವನ್ನು ಹೊಸದಾಗಿ ಕಂಡುಕೊಂಡ. 1888ರಲ್ಲಿ ಅವನಿಗೆ ಪೇಟೆಂಟ್ ದೊರೆಯಿತು. ಥಾಮ್ಸನ್ನನ ಹಳೆಯ ಪೇಟೆಂಟ್ ಪತ್ತೆಯಾದ್ದರಿಂದ ಮುಂದೆ ಅದು ಅಸಿಂಧುವಾಯಿತಾದರೂ ಗಾಳಿ ಟೈರು ಮಾತ್ರ ಜನರ ಮನಸ್ಸಿನಲ್ಲಿ ನಿಂತಿತು. ಮರುವರ್ಷವೇ ಬೆಲ್‌ಫಾಸ್ಟಿನ ಸೈಕಲ್ ಪಂದ್ಯಗಳಲ್ಲಿ ಗಾಳಿ ಟೈರಿನ ಸವಾರ ವಿಲಿ ಹ್ಯೂಮ್ ಗೆದ್ದಾಗ ಗಟ್ಟಿ ರಬ್ಬರಿನ ಕಾಲ ಮುಗಿದಂತಾಯಿತು.

ಸುಖದ ಬೆನ್ನಿಗೇ ಕಷ್ಟವೂ ಬಂತು. ಗಟ್ಟಿ ರಬ್ಬರಿಗೆ ಮೊಳೆಯ ಹೆದರಿಕೆ ಇರಲಿಲ್ಲ, ಗಾಳಿಗೆ ಇತ್ತು. ಡನ್‌ಲಪ್ಪನ ಟೈರನ್ನು ಚಕ್ರಕ್ಕೆ ಅಂಟಿಸಲಾಗುತ್ತಿತ್ತು. 1889ರಲ್ಲಿ ಫ್ರಾನ್ಸಿನ ಕ್ಲೆರ್ಮೋ-ಫೆರಾಂ ಪಟ್ಟಣದ ಮಿಶೆಲಿನ್ ಸಹೋದರರ ರಬ್ಬರು ಕಾರ್ಖಾನೆಗೆ ಇಂಥ ಟೈರು ಪಂಕ್ಚರಾದ ಒಂದು ಸೈಕಲ್ಲು ದುರಸ್ತಿಗೆ ಬಂತು. ಅದನ್ನು ಕಿತ್ತು ತೇಪೆ ಹಾಕುವುದಕ್ಕೆ ಕೆಲವು ಗಂಟೆ, ಅಂಟು ಒಣಗುವುದಕ್ಕೆ ಇಡೀ ರಾತ್ರಿ ಹಿಡಿಯಿತು. ತಮ್ಮ ಎದ್ವಾರ್ ಮಿಶೆಲಿನ್ನನಿಗೆ ಎರಡು ಸಂಗತಿ ಹೊಳೆದವು: ಗಾಳಿ ಟೈರಿಗೆ ಭವಿಷ್ಯವಿದೆ, ಆದರೆ ಸವಾರನೇ ದಾರಿಯಲ್ಲಿ ಬಿಚ್ಚಿ ಹಾಕುವಂತಿದ್ದರೆ ಮಾತ್ರ. 1891ರಲ್ಲಿ ಬಿಚ್ಚಬಹುದಾದ ಟೈರು ಸಿದ್ಧವಾಯಿತು. 1895ರ ಪ್ಯಾರಿಸ್–ಬೋರ್ಡೊ–ಪ್ಯಾರಿಸ್ ಮೋಟಾರು ಪಂದ್ಯದಲ್ಲಿ ಆ ಸಹೋದರರು ಗಾಳಿ ಟೈರಿನ ಕಾರನ್ನು ತಾವೇ ಓಡಿಸಿದರು. ಸುಮಾರು 1,200 ಕಿಲೋಮೀಟರಿನ ಆ ದಾರಿಯಲ್ಲಿ ಅವರಿಗೆ ಮೇಲಿಂದ ಮೇಲೆ ಪಂಕ್ಚರುಗಳಾದವು, ಟ್ಯೂಬುಗಳ ರಾಶಿಯೇ ಖರ್ಚಾಯಿತು. ಪಂದ್ಯ ಗೆಲ್ಲಲಿಲ್ಲ, ಆದರೆ ಕಾರೂ ಗಾಳಿಯ ಮೇಲೆ ಓಡಬಲ್ಲುದೆಂಬುದು ಖಚಿತವಾಯಿತು. 1898ರ ಅವರ ಜಾಹೀರಾತಿನಲ್ಲಿ ಟೈರುಗಳಿಂದಲೇ ಆದ ದಪ್ಪ ಮನುಷ್ಯನೊಬ್ಬ ಮೊಳೆ, ಗಾಜಿನ ಚೂರು ತುಂಬಿದ ಬಟ್ಟಲನ್ನು ಎತ್ತಿ ಕುಡಿಯಲು ಸಿದ್ಧನಾಗಿರುವ ಚಿತ್ರವಿದೆ. ಮೊಳೆಯನ್ನು ನುಂಗಿ ಅರಗಿಸಿಕೊಳ್ಳುವ ಟೈರಿನ ಕನಸು ಅಂದಿನದೇ.

ಆ ಕಾಲದ ಕಾರಿನ ಚಕ್ರವನ್ನು ಬಿಚ್ಚಲು ಬರುತ್ತಿರಲಿಲ್ಲ. ಪಂಕ್ಚರಾದರೆ ಧೂಳಿನಲ್ಲಿ ಮಂಡಿಯೂರಿ, ಕಬ್ಬಿಣದ ಪಟ್ಟಿಗಳಿಂದ ಟೈರನ್ನು ಮೀಟಿ ತೆಗೆದು ತೇಪೆ ಹಾಕಬೇಕಿತ್ತು. ವೇಲ್ಸ್ ಪ್ರಾಂತದ ಲಾನೆಲಿ ಪಟ್ಟಣದ ಥಾಮಸ್ ಮೋರಿಸ್ ಡೇವಿಸ್ 1904ರಲ್ಲಿ ಇದಕ್ಕೊಂದು ಪರಿಹಾರ ಹುಡುಕಿದ. ಅರೆಕಾಲುಗಳಿಲ್ಲದ ಬರಿಯ ರಿಮ್ಮು, ಅದರ ಮೇಲೆ ಗಾಳಿ ತುಂಬಿದ ಟೈರು. ಪಂಕ್ಚರಾದ ಚಕ್ರದ ಮಗ್ಗುಲಿಗೆ ಇದನ್ನು ಕೊಂಡಿಗಳಿಂದ ಬಿಗಿದರೆ ಪ್ರಯಾಣ ಮುಂದುವರಿಸಬಹುದಿತ್ತು. ಅವನ ಕಾರ್ಯಾಗಾರವಿದ್ದ ಬೀದಿಯ ಹೆಸರು ಸ್ಟೆಪ್ನಿ ಸ್ಟ್ರೀಟ್. ಆ ಚಕ್ರ ‘ಸ್ಟೆಪ್ನಿ’ ಎಂಬ ಹೆಸರಿನಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಉದ್ದಗಲಕ್ಕೂ ಮಾರಾಟವಾಯಿತು. ಬಿಚ್ಚಿ ಜೋಡಿಸಬಲ್ಲ ಚಕ್ರಗಳು ಬಂದ ಮೇಲೆ ಡೇವಿಸನ ವಸ್ತು ಮೂಲೆಗೆ ಬಿತ್ತು. ಹೆಸರು ಮಾತ್ರ ಭಾರತದಲ್ಲಿ ಉಳಿಯಿತು.

ಟ್ಯೂಬೇ ಇಲ್ಲದ ಟೈರು ಈ ಹೋರಾಟದಲ್ಲಿ ಮುಂದಿನ ದೊಡ್ಡ ಹೆಜ್ಜೆ. ಅಮೆರಿಕದ ಕಾರುಗಳಲ್ಲಿ ಅದು 1950ರ ದಶಕದ ಮಧ್ಯದಲ್ಲಿ ರೂಢಿಗೆ ಬಂತು. ಟ್ಯೂಬಿಗೆ ಮೊಳೆ ಚುಚ್ಚಿದರೆ ಗಾಳಿ ಒಮ್ಮೆಗೇ ಹೋಗುವುದುಂಟು. ಟ್ಯೂಬ್‌ಲೆಸ್ ಟೈರಿನಲ್ಲಿ ಮೊಳೆಯೇ ಬಿರಡೆಯಂತೆ ತೂತನ್ನು ಮುಚ್ಚಿಕೊಂಡಿರುತ್ತದೆ, ಗಾಳಿ ನಿಧಾನವಾಗಿ ಸೋರುತ್ತದೆ. ಇಂದು ಭಾರತದ ಹೊಸ ಕಾರುಗಳಲ್ಲಿ ಬಹುತೇಕ ಇವೇ ಇರುತ್ತವೆ. ರನ್ ಫ್ಲಾಟ್ ಬೇಕೇ ಬೇಡವೇ ಎಂಬ ಲೆಕ್ಕದಲ್ಲಿ ಈ ಅಂಶವನ್ನು ಮರೆಯುವಂತಿಲ್ಲ.

ಗುಂಡೇಟಿನಿಂದ ಮನೆಯ ಗ್ಯಾರೇಜಿಗೆ

ಗಾಳಿ ಹೋದರೂ ಓಡಬೇಕೆಂಬ ಅಗತ್ಯ ಮೊದಲು ತೀವ್ರವಾಗಿ ಕಂಡದ್ದು ಸೈನ್ಯಕ್ಕೆ ಮತ್ತು ಗಣ್ಯರ ರಕ್ಷಣಾ ಪಡೆಗಳಿಗೆ. 1962ರ ಆಗಸ್ಟ್ 22ರಂದು ಪ್ಯಾರಿಸ್ ಸಮೀಪದ ಪೆಟಿ-ಕ್ಲಾಮಾರಿನಲ್ಲಿ ಫ್ರಾನ್ಸಿನ ಅಧ್ಯಕ್ಷ ಷಾರ್ಲ್ ದ ಗಾಲ್ ಅವರ ಕಾರಿನ ಮೇಲೆ ಹೊಂಚು ಹಾಕಿದ್ದವರು ಗುಂಡಿನ ಮಳೆ ಸುರಿಸಿದರು. ಟೈರುಗಳಿಗೂ ಗುಂಡು ತಗುಲಿತು. ಆದರೂ ಚಾಲಕ ಸಿಟ್ರೊಯೆನ್ ಕಾರನ್ನು ನಿಲ್ಲಿಸದೆ ಓಡಿಸಿದ. ಅಧ್ಯಕ್ಷರೂ ಅವರ ಪತ್ನಿಯೂ ಪಾರಾದರು. ಆ ಕಾರಿನಲ್ಲಿ ರನ್ ಫ್ಲಾಟ್ ಟೈರುಗಳಿರಲಿಲ್ಲ. ಅದರ ವಿಶಿಷ್ಟ ಸಸ್ಪೆನ್ಷನ್ನೂ ಚಾಲಕನ ಧೈರ್ಯವೂ ಅವರನ್ನು ಕಾಪಾಡಿದವು. ಆದರೆ ನಿಂತ ಕಾರು ಸಾವಿಗೆ ಸಮ, ಉರುಳುವ ಕಾರು ಬದುಕು ಎಂಬುದನ್ನು ಆ ಘಟನೆ ಸ್ಪಷ್ಟಪಡಿಸಿತು. ಗುಂಡು ನಿರೋಧಕ ವಾಹನಗಳ ಚಕ್ರದೊಳಗೆ ಗಟ್ಟಿ ಬಳೆಯೊಂದನ್ನು ಕೂರಿಸುವುದು ಇಂದು ಸಾಮಾನ್ಯ.

ಜನಸಾಮಾನ್ಯರ ಕಾರಿಗೆ ಇದನ್ನು ತರುವ ಗಂಭೀರ ಪ್ರಯತ್ನವನ್ನು ಡನ್‌ಲಪ್ ಕಂಪೆನಿಯೇ 1970ರ ದಶಕದಲ್ಲಿ ಮಾಡಿತು. ‘ಡೆನೋವೊ’ ಎಂಬ ಆ ಟೈರನ್ನು ಬ್ರಿಟನ್ನಿನ ರೋವರ್ 3500 ಮತ್ತು ಮಿನಿ 1275 ಜಿಟಿ ಕಾರುಗಳಿಗೆ ಕೊಡಲಾಯಿತು. ಅದರ ಉಪಾಯ ಸ್ವಾರಸ್ಯಕರ. ರಿಮ್ಮಿನ ಮೇಲೆ ದ್ರವ ತುಂಬಿದ ಪುಟ್ಟ ಡಬ್ಬಿಗಳು. ಗಾಳಿ ಹೋಗಿ ಟೈರು ಕುಸಿದಾಗ ಡಬ್ಬಿಗಳು ಒಡೆದು ದ್ರವ ಚೆಲ್ಲುತ್ತಿತ್ತು. ಒಂದಕ್ಕೊಂದು ಉಜ್ಜುವ ಒಳಮೈಗಳಿಗೆ ಅದು ಜಾರಿಕೆ ಕೊಟ್ಟು ಕಾವನ್ನು ತಗ್ಗಿಸುತ್ತಿತ್ತು. ಆದರೆ ಅದಕ್ಕೆಂದೇ ಮಾಡಿದ ರಿಮ್ಮು ಬೇಕಿತ್ತು, ಬೆಲೆ ಹೆಚ್ಚಿತ್ತು, ಎಲ್ಲೆಂದರಲ್ಲಿ ಬದಲಿಸುವಂತಿರಲಿಲ್ಲ. ಡೆನೋವೊ ಹೆಚ್ಚು ಕಾಲ ಬಾಳಲಿಲ್ಲ.

1980ರ ದಶಕದಲ್ಲಿ ಪೋರ್ಷೆ 959 ಎಂಬ ಅತಿ ವೇಗದ ಕಾರಿನಲ್ಲಿ ಗಾಳಿ ಹೋದರೂ ಓಡುವ ಟೈರೂ ಅದರ ಒತ್ತಡವನ್ನು ಚಾಲಕನಿಗೆ ತಿಳಿಸುವ ವ್ಯವಸ್ಥೆಯೂ ಜೊತೆಯಾಗಿ ಬಂದವು. 1997ರಲ್ಲಿ ಅಮೆರಿಕದ ಷೆವರ್ಲೆ ಕಾರ್ವೆಟ್ ಸ್ಟೆಪ್ನಿಯನ್ನೇ ಕೈಬಿಟ್ಟು ಗುಡ್‌ಇಯರ್ ರನ್ ಫ್ಲಾಟ್‌ಗಳ ಮೇಲೆ ಹೊರಬಂತು. 2000ದ ನಂತರ ಬಿಎಂಡಬ್ಲ್ಯು ತನ್ನ ಹಲವು ಮಾದರಿಗಳಿಗೆ, ಹಾಗೂ ತನ್ನದೇ ಒಡೆತನದ ಮಿನಿ ಕಾರುಗಳಿಗೆ ಇವನ್ನು ಅಳವಡಿಸಿತು. ಭಾರತದ ರಸ್ತೆಗಳಿಗೆ ರನ್ ಫ್ಲಾಟ್ ಪರಿಚಯವಾದದ್ದು ಮುಖ್ಯವಾಗಿ ಇಂಥ ಜರ್ಮನ್ ಕಾರುಗಳ ಮೂಲಕ.

ಬಗೆಗಳು ಮತ್ತು ಗುರುತುಗಳು

ರನ್ ಫ್ಲಾಟ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಪಕ್ಕೆಯನ್ನೇ ಬಲಪಡಿಸಿದ ಟೈರು. ಇದರ ಪಕ್ಕೆಗಳ ಒಳಗೆ ಕಾವನ್ನು ತಡೆಯಬಲ್ಲ ಗಟ್ಟಿ ರಬ್ಬರಿನ ದಪ್ಪ ಪದರವಿರುತ್ತದೆ. ಗಾಳಿಯಿಲ್ಲದಾಗ ಈ ಪಕ್ಕೆಗಳೇ ಮೋಟು ಕಂಬಗಳಂತೆ ನಿಂತು ಕಾರಿನ ಭಾರ ಹೊರುತ್ತವೆ. ಇಂದು ಕಾರುಗಳಲ್ಲಿ ಕಾಣುವುದು ಬಹುತೇಕ ಇದೇ.

ಎರಡನೆಯದು ಚಕ್ರದೊಳಗೆ ಆಧಾರದ ಬಳೆ ಕೂರಿಸಿದ್ದು. ಗಾಳಿ ಹೋದಾಗ ಟೈರು ಕುಸಿದು ಆ ಬಳೆಯ ಮೇಲೆ ಕೂರುತ್ತದೆ. ಮಿಶೆಲಿನ್ ಕಂಪೆನಿಯ ‘ಪ್ಯಾಕ್ಸ್’ ಎಂಬ ವ್ಯವಸ್ಥೆ ಇದಕ್ಕೆ ಪ್ರಸಿದ್ಧ ಉದಾಹರಣೆ. ಗಾಳಿಯಿಲ್ಲದೆ ಸುಮಾರು 200 ಕಿಲೋಮೀಟರ್ ಓಡಬಲ್ಲುದೆಂಬುದು ಅದರ ಹೆಗ್ಗಳಿಕೆ. ಅಮೆರಿಕದಲ್ಲಿ 2005ರ ಮಾದರಿಯ ಹೋಂಡಾ ಒಡಿಸ್ಸಿ ವಾಹನಗಳಲ್ಲಿ ಅದನ್ನು ನೀಡಲಾಯಿತು. ಆದರೆ ಆ ಟೈರನ್ನು ಬಿಚ್ಚಿ ಹಾಕಲು ವಿಶೇಷ ಯಂತ್ರ ಬೇಕು. ಅದು ಇದ್ದ ಅಂಗಡಿಗಳು ವಿರಳ. ಟೈರು ಬೇಗ ಸವೆಯುತ್ತದೆ, ಬದಲಿಸಲು ದುಬಾರಿ ಎಂದು ಗ್ರಾಹಕರು ನ್ಯಾಯಾಲಯದ ಮೆಟ್ಟಿಲೇರಿದರು. ಕೆಲವೇ ವರ್ಷಗಳಲ್ಲಿ ಆ ಕಾರುಗಳಿಂದ ಪ್ಯಾಕ್ಸ್ ಮರೆಯಾಯಿತು. ಟೈರು ತಾಂತ್ರಿಕವಾಗಿ ಚೆನ್ನಾಗಿತ್ತು. ಅದರ ಹಿಂದೆ ಅಂಗಡಿಗಳಿರಲಿಲ್ಲ.

ಇವಲ್ಲದೆ, ಒಳಗೆ ಅಂಟಿನ ಪದರವಿದ್ದು ಸಣ್ಣ ತೂತನ್ನು ತಾನೇ ಮುಚ್ಚಿಕೊಳ್ಳುವ ಟೈರುಗಳೂ ಉಂಟು. ಅವನ್ನೂ ಕೆಲವರು ರನ್ ಫ್ಲಾಟ್ ಎನ್ನುವುದುಂಟು. ಅದು ಸರಿಯಲ್ಲ. ಅವು ಗಾಳಿ ಹೋಗದಂತೆ ತಡೆಯುತ್ತವೆ; ಗಾಳಿ ಹೋಯಿತೆಂದರೆ ಬೇರೆ ಟೈರುಗಳಂತೆಯೇ ಕುಸಿಯುತ್ತವೆ.

ತನ್ನ ಕಾರಿನಲ್ಲಿರುವುದು ಯಾವ ಬಗೆ ಎಂದು ತಿಳಿಯಲು ಟೈರಿನ ಪಕ್ಕೆಯ ಮೇಲಿನ ಅಕ್ಷರಗಳನ್ನು ಓದಬೇಕು. ಬ್ರಿಜ್‌ಸ್ಟೋನ್ ‘ಆರ್‌ಎಫ್‌ಟಿ’ ಎಂದೂ ಮಿಶೆಲಿನ್ ‘ಜೆಡ್‌ಪಿ’ ಎಂದೂ ಗುಡ್‌ಇಯರ್ ‘ಆರ್‌ಒಎಫ್’ ಎಂದೂ ಕಾಂಟಿನೆಂಟಲ್ ‘ಎಸ್‌ಎಸ್‌ಆರ್’ ಎಂದೂ ಬರೆಯುತ್ತವೆ. ಕಂಪೆನಿಗೊಂದು ಗುರುತು, ಅರ್ಥ ಮಾತ್ರ ಒಂದೇ.

80 ಕಿಲೋಮೀಟರಿನ ಸಾಲ

ರನ್ ಫ್ಲಾಟ್ ಬಗ್ಗೆ ಇರುವ ದೊಡ್ಡ ತಪ್ಪು ಕಲ್ಪನೆ ಎಂದರೆ ಅದಕ್ಕೆ ಪಂಕ್ಚರೇ ಆಗುವುದಿಲ್ಲ ಎಂಬುದು. ಬೇರೆ ಟೈರುಗಳಂತೆಯೇ ಅದಕ್ಕೂ ಮೊಳೆ ಚುಚ್ಚುತ್ತದೆ, ಗಾಳಿ ಹೋಗುತ್ತದೆ. ಹೋದ ಮೇಲೆ ಗಂಟೆಗೆ 80 ಕಿಲೋಮೀಟರ್ ಮೀರದ ವೇಗದಲ್ಲಿ ಸುಮಾರು 80 ಕಿಲೋಮೀಟರ್ ದೂರ ಓಡಿಸಬಹುದು ಎಂಬುದು ತಯಾರಕರು ಸಾಮಾನ್ಯವಾಗಿ ಕೊಡುವ ಭರವಸೆ. ಅಷ್ಟು ದೂರದಲ್ಲಿ ಚಕ್ರ 40 ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಪ್ರತಿ ಸುತ್ತಿನಲ್ಲೂ ಪಕ್ಕೆಯ ಆಯುಸ್ಸು ಸವೆಯುತ್ತದೆ. ಕಾರಿನ ತುಂಬ ಜನ, ಡಿಕ್ಕಿಯ ತುಂಬ ಸಾಮಾನು, ಮೇಲೆ ಬೇಸಿಗೆಯ ಬಿಸಿಲು ಇದ್ದರೆ ಆ ದೂರ ಕಡಿಮೆಯಾಗುತ್ತದೆ.

ಅಂದರೆ ರನ್ ಫ್ಲಾಟ್ ಕೊಡುವುದು ಒಂದು ಸಾಲ. ಅಪಾಯದ ಜಾಗದಲ್ಲಿ ನಿಲ್ಲದೆ ಸುರಕ್ಷಿತ ಜಾಗ ಸೇರಲು ಕೊಟ್ಟ ಅವಧಿ. ಅವಧಿ ಮುಗಿದ ಮೇಲೆ ಸಾಲ ತೀರಿಸಲೇಬೇಕು, ಸಾಮಾನ್ಯವಾಗಿ ಹೊಸ ಟೈರಿನ ಬೆಲೆಯಲ್ಲಿ. ಗಾಳಿಯಿಲ್ಲದೆ ಓಡಿದ ಟೈರಿನ ಪಕ್ಕೆ ಒಳಗೊಳಗೇ ಎಷ್ಟು ಬೆಂದಿದೆಯೆಂದು ಹೊರಗಿನಿಂದ ನೋಡಿ ಹೇಳಲು ಸಾಧ್ಯವಿಲ್ಲ. ಆದ್ದರಿಂದಲೇ ಅನೇಕ ತಯಾರಕರು ಅದಕ್ಕೆ ತೇಪೆ ಹಾಕಬಾರದೆನ್ನುತ್ತಾರೆ. ಗಾಳಿ ಪೂರ್ತಿ ಇಳಿಯುವ ಮೊದಲೇ ನಿಲ್ಲಿಸಿದ್ದರೆ, ತೂತು ನೆಲ ಮುಟ್ಟುವ ಭಾಗದಲ್ಲೇ ಇದ್ದು ಚಿಕ್ಕದಾಗಿದ್ದರೆ, ದುರಸ್ತಿಗೆ ಒಪ್ಪುವವರೂ ಉಂಟು.

ಈ ಸಾಲದ ಲೆಕ್ಕ ಇಡಲು ಒಂದು ಸಾಧನ ಅತ್ಯಗತ್ಯ. ಪಕ್ಕೆ ಗಟ್ಟಿಯಾಗಿರುವುದರಿಂದ ರನ್ ಫ್ಲಾಟ್‌ನಲ್ಲಿ ಗಾಳಿ ಹೋದದ್ದು ಚಾಲಕನ ಗಮನಕ್ಕೇ ಬಾರದಿರಬಹುದು. ನೋಡಲೂ ಟೈರು ನೆಟ್ಟಗೇ ನಿಂತಿರುತ್ತದೆ. ಯಾವಾಗ ಗಾಳಿ ಹೋಯಿತೆಂದು ತಿಳಿಯದಿದ್ದರೆ 80 ಕಿಲೋಮೀಟರನ್ನು ಎಲ್ಲಿಂದ ಎಣಿಸುವುದು? ಆದ್ದರಿಂದ ಒತ್ತಡ ಇಳಿದಾಗ ದೀಪ ಹಚ್ಚಿ ತಿಳಿಸುವ ವ್ಯವಸ್ಥೆಯಿಲ್ಲದ ಕಾರಿಗೆ ರನ್ ಫ್ಲಾಟ್ ಹಾಕಬಾರದೆಂಬುದು ತಜ್ಞರ ಒಮ್ಮತದ ಮಾತು.

ಈ ದೀಪದ ಹಿಂದೆಯೂ ಒಂದು ದುರಂತದ ಚರಿತ್ರೆಯಿದೆ. ಅಮೆರಿಕದಲ್ಲಿ ಫೈರ್‌ಸ್ಟೋನ್ ಟೈರುಗಳ ಪದರ ಕಿತ್ತುಬಂದು ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳು ಉರುಳಿಬಿದ್ದ ಅಪಘಾತಗಳಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. 2000ದಲ್ಲಿ ಆ ಟೈರುಗಳನ್ನು ಹಿಂದಕ್ಕೆ ಪಡೆಯಲಾಯಿತು. ಅದೇ ವರ್ಷ ಅಲ್ಲಿನ ಸಂಸತ್ತು ಮಾಡಿದ ಕಾನೂನಿನ ಫಲವಾಗಿ 2007ರ ಹೊತ್ತಿಗೆ ಎಲ್ಲ ಹೊಸ ಕಾರುಗಳಲ್ಲೂ ಗಾಳಿಯ ಒತ್ತಡ ತಿಳಿಸುವ ವ್ಯವಸ್ಥೆ ಕಡ್ಡಾಯವಾಯಿತು. ಯುರೋಪ್ 2014ರಲ್ಲಿ ಅದೇ ದಾರಿ ಹಿಡಿಯಿತು. ಭಾರತದಲ್ಲಿ 2020ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಯಿತು. ಟ್ಯೂಬ್‌ಲೆಸ್ ಟೈರು, ಪಂಕ್ಚರ್ ದುರಸ್ತಿಯ ಸಲಕರಣೆ ಹಾಗೂ ಒತ್ತಡ ತಿಳಿಸುವ ವ್ಯವಸ್ಥೆ ಈ ಮೂರೂ ಇದ್ದರೆ ಮೂರೂವರೆ ಟನ್‌ವರೆಗಿನ ಪ್ರಯಾಣಿಕ ವಾಹನಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ.

ನಮ್ಮ ರಸ್ತೆ, ನಮ್ಮ ಪಂಕ್ಚರ್ ಅಂಗಡಿ

ರನ್ ಫ್ಲಾಟ್ ಬೆಳೆದದ್ದು ಜರ್ಮನಿ, ಅಮೆರಿಕಗಳ ನುಣುಪಾದ ರಸ್ತೆಗಳಲ್ಲಿ. ಅಲ್ಲಿ ಹೆದ್ದಾರಿಯ ಅಂಚಿನಲ್ಲಿ ಕಾರು ನಿಲ್ಲಿಸಿ ಚಕ್ರ ಬಿಚ್ಚುವುದೇ ಪ್ರಾಣಾಪಾಯದ ಕೆಲಸ, ಕೂಲಿ ದುಬಾರಿ, ಟೈರಿನ ಅಂಗಡಿಗಳು ಸಂಜೆಗೆ ಮುಚ್ಚುತ್ತವೆ. ಅಂಥ ನಾಡಿಗೆ 80 ಕಿಲೋಮೀಟರಿನ ಸಾಲ ವರದಾನವೇ ಸರಿ.

ಕರ್ನಾಟಕದ ಹೆದ್ದಾರಿಯ ಚಿತ್ರ ಬೇರೆ. ಹಳೆಯ ಟೈರೊಂದನ್ನು ರಸ್ತೆಬದಿಗೆ ನಿಲ್ಲಿಸಿ ಅದರ ಮೇಲೆ ಬಿಳಿ ಬಣ್ಣದಲ್ಲಿ ‘ಪಂಕ್ಚರ್’ ಎಂದು ಬರೆದರೆ ಅಂಗಡಿಗೆ ಅದೇ ಬೋರ್ಡು. ಒಂದು ಕಂಪ್ರೆಸರ್, ನೀರಿನ ತೊಟ್ಟಿ, ಜಾಕಿ, ಸಲ್ಯೂಷನ್ ಡಬ್ಬಿ, ಬಂಡವಾಳ ಇಷ್ಟೇ. ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವ ಕಡೆ ಬೆರಳಿಟ್ಟು ತೂತು ಹಿಡಿಯುವ ಆ ಕೈಗಳು ಟ್ಯೂಬ್‌ಲೆಸ್ ಬಂದಾಗಲೂ ಸೋಲಲಿಲ್ಲ. ಅಂಟು ಸವರಿದ ರಬ್ಬರಿನ ಬತ್ತಿಯನ್ನು ತೂತಿಗೆ ತುರುಕಿ, ಚಕ್ರ ಬಿಚ್ಚದೆಯೇ ಹತ್ತು ನಿಮಿಷದಲ್ಲಿ ಕೆಲಸ ಮುಗಿಸುವುದನ್ನು ಕಲಿತವು. ಸ್ಟೆಪ್ನಿ ಮತ್ತು ಪಂಕ್ಚರ್ ಅಂಗಡಿ ಇವೆರಡೂ ಸೇರಿ ನಮ್ಮಲ್ಲಿ ರನ್ ಫ್ಲಾಟ್ ಮಾಡುವ ಕೆಲಸವನ್ನು ಅಗ್ಗವಾಗಿ ಮಾಡಿಕೊಂಡು ಬಂದಿವೆ.

ಆದರೆ ಈ ಅಂಗಡಿಗೆ ರನ್ ಫ್ಲಾಟ್ ಕೈಗೆಟುಕದ ವಸ್ತು. ಅದರ ಬಿರುಸಾದ ಪಕ್ಕೆಯನ್ನು ಮೀಟುಗೋಲಿನಿಂದ ಮೀಟಿ ರಿಮ್ಮಿನಿಂದ ಬಿಡಿಸುವುದು ಕಷ್ಟ. ಬಲವಂತ ಮಾಡಿದರೆ ಅಂಚು ಹರಿಯುತ್ತದೆ, ಅಲಾಯ್ ರಿಮ್ಮಿಗೆ ಗೀರು ಬೀಳುತ್ತದೆ. ಅದಕ್ಕೆ ತಕ್ಕ ಯಂತ್ರ ನಗರಗಳ ದೊಡ್ಡ ಅಂಗಡಿಗಳಲ್ಲಿ ಮಾತ್ರ ಇರುತ್ತದೆ. ಬೇಕಾದ ಅಳತೆಯ ಹೊಸ ಟೈರು ಅಲ್ಲಿಯೂ ತಕ್ಷಣ ಸಿಗುವ ಖಾತರಿಯಿಲ್ಲ.

ಈಗ 80 ಕಿಲೋಮೀಟರನ್ನು ನಕ್ಷೆಯ ಮೇಲೆ ಇಟ್ಟು ನೋಡಬೇಕು. ಬೆಂಗಳೂರು–ಮೈಸೂರು ನಡುವಿನ ಅಂತರ ಸುಮಾರು 145 ಕಿಲೋಮೀಟರ್. ಈ ದಾರಿಯಲ್ಲಿ ಎಲ್ಲಿ ಗಾಳಿ ಹೋದರೂ ಎರಡರಲ್ಲಿ ಒಂದು ನಗರ ಆ ಅಳತೆಯೊಳಗೇ ಬರುತ್ತದೆ. ರಾತ್ರಿ ಹೊತ್ತು ಸಂಸಾರದೊಡನೆ ಹೊರಟವರಿಗೆ ಇದು ದೊಡ್ಡ ನೆಮ್ಮದಿ. ಅದೇ ಆಗುಂಬೆಯಲ್ಲಿ ಗಾಳಿ ಹೋದರೆ? ಶಿವಮೊಗ್ಗ 80 ಕಿಲೋಮೀಟರಿನ ಆಚೆಗಿದೆ. ಉಡುಪಿ ಅದರೊಳಗೆ ಬರುತ್ತದೆಯಾದರೂ ನಡುವೆ ಘಾಟಿಯ ತಿರುವುಗಳಿವೆ. ಉತ್ತರ ಕನ್ನಡದ ಕಾಡು ದಾರಿಗಳಲ್ಲೋ, ಕಲ್ಯಾಣ ಕರ್ನಾಟಕದ ದೂರದೂರದ ಊರುಗಳ ನಡುವೆಯೋ ಸಿಕ್ಕಿಕೊಂಡರೆ, 80 ಕಿಲೋಮೀಟರ್ ಓಡಿದ ಮೇಲೆ ತಲಪುವುದು ರನ್ ಫ್ಲಾಟ್ ಇಲ್ಲದ ಇನ್ನೊಂದು ಊರನ್ನೇ. ಆಗ ಸ್ಟೆಪ್ನಿಯೂ ಇಲ್ಲ, ಟೈರೂ ಇಲ್ಲ; ಕಾರನ್ನು ಲಾರಿಯ ಮೇಲೆ ಹೇರಿಸಬೇಕು.

ಗುಂಡಿಗಳ ಪ್ರಶ್ನೆ ಬೇರೆಯೇ ಇದೆ. ಗಟ್ಟಿ ಪಕ್ಕೆ ರಸ್ತೆಯ ಏಟನ್ನು ನುಂಗಿಕೊಳ್ಳುವುದಿಲ್ಲ, ಒಳಗೆ ಕೂತವರಿಗೆ ಅದನ್ನು ದಾಟಿಸುತ್ತದೆ. ಸಸ್ಪೆನ್ಷನ್ನನ್ನು ಆ ಟೈರಿಗೆಂದೇ ಹದ ಮಾಡಿದ ಕಾರಿನಲ್ಲೂ ಈ ಕುಲುಕಾಟದ ದೂರು ಕೇಳಿಬರುತ್ತದೆ. ಹದ ಮಾಡದ ಕಾರಿನಲ್ಲಿ ಅದು ಇನ್ನಷ್ಟು ಹೆಚ್ಚು. ಮೇಲಾಗಿ ಗುಂಡಿಯ ಚೂಪು ಅಂಚಿಗೆ ಬಡಿದು ಪಕ್ಕೆಯೇ ಸೀಳಿದರೆ ರನ್ ಫ್ಲಾಟೂ ಅಸಹಾಯಕ. ಮೊಳೆಯನ್ನು ಎದುರಿಸಲೆಂದು ಹುಟ್ಟಿದ ಟೈರದು; ಗುಂಡಿಯನ್ನಲ್ಲ.

ಯಾರಿಗೆ ಒಪ್ಪುತ್ತದೆ?

ಕಾರು ಕಾರ್ಖಾನೆಯಿಂದಲೇ ರನ್ ಫ್ಲಾಟ್‌ನೊಂದಿಗೆ ಬಂದಿದ್ದರೆ ಅದರ ರಿಮ್ಮು, ಸಸ್ಪೆನ್ಷನ್, ಎಚ್ಚರಿಕೆಯ ದೀಪ ಎಲ್ಲವೂ ಅದಕ್ಕೆ ಹೊಂದಿಕೊಂಡಿರುತ್ತವೆ. ನಗರದೊಳಗೂ ಪ್ರಮುಖ ಹೆದ್ದಾರಿಗಳಲ್ಲೂ ಓಡಾಡುವವರು, ಒಂಟಿಯಾಗಿ ರಾತ್ರಿ ಪ್ರಯಾಣ ಮಾಡುವವರು, ಚಕ್ರ ಬದಲಿಸುವ ಶಕ್ತಿಯಿಲ್ಲದ ವಯಸ್ಸಾದವರು ಅದನ್ನೇ ಮುಂದುವರಿಸುವುದು ಒಳ್ಳೆಯದು. ಗಾಳಿ ಒಮ್ಮೆಗೇ ಹೋದಾಗಲೂ ಕಾರು ಹತೋಟಿಯಲ್ಲಿ ಉಳಿಯುವುದು ಇದರ ಎಲ್ಲಕ್ಕಿಂತ ದೊಡ್ಡ ಗುಣ. ಹಣದ ಲೆಕ್ಕದಲ್ಲಿ ಅದನ್ನು ತೂಗಲಾಗದು.

ಅಂಥ ಕಾರಿನ ಮಾಲೀಕರು ಖರ್ಚಿಗೋ ಕುಲುಕಾಟಕ್ಕೋ ಬೇಸತ್ತು ಸಾಮಾನ್ಯ ಟ್ಯೂಬ್‌ಲೆಸ್‌ಗೆ ಬದಲಾಯಿಸುವುದುಂಟು. ಹಾಗೆ ಮಾಡುವಾಗ ನಾಲ್ಕನ್ನೂ ಬದಲಿಸಬೇಕು. ಎರಡು ಅದು, ಎರಡು ಇದು ಎಂಬ ಬೆರಕೆ ಕೂಡದು. ತೂಕ ಹೊರುವ ಸಾಮರ್ಥ್ಯ ಮತ್ತು ವೇಗದ ಗುರುತುಗಳು ಮೊದಲಿನಷ್ಟೇ ಇರಬೇಕು. ತಯಾರಕರು ಇದಕ್ಕೆ ಒಪ್ಪುತ್ತಾರೆಯೇ ಎಂದು ವಿಚಾರಿಸಬೇಕು. ಡಿಕ್ಕಿಯಲ್ಲಿ ಸ್ಟೆಪ್ನಿ ಇಲ್ಲವೆಂಬುದನ್ನು ನೆನಪಿನಲ್ಲಿಟ್ಟು ಗಾಳಿ ತುಂಬುವ ಪಂಪು, ದುರಸ್ತಿಯ ಬತ್ತಿಗಳನ್ನಾದರೂ ಒಯ್ಯಬೇಕು.

ಸಾಮಾನ್ಯ ಟೈರಿನೊಂದಿಗೆ ಬಂದ ಕಾರಿಗೆ ಹೊಸದಾಗಿ ರನ್ ಫ್ಲಾಟ್ ಹಾಕಿಸುವ ಉತ್ಸಾಹಕ್ಕೆ ಮಾತ್ರ ಕಾರಣ ಕಡಿಮೆ. ಬೆಲೆ ಹೆಚ್ಚು, ಟೈರಿನ ತೂಕ ಹೆಚ್ಚು, ಸವಾರಿ ಒರಟು, ಒತ್ತಡ ತಿಳಿಸುವ ದೀಪ ಇಲ್ಲದಿದ್ದರೆ ಅಪಾಯವೂ ಹೌದು. ಒಳ್ಳೆಯ ಟ್ಯೂಬ್‌ಲೆಸ್ ಟೈರು, ಅಗ್ಗದ ಬೆಲೆಗೆ ದೊರೆಯುವ ಒತ್ತಡ ಸೂಚಕ, ಗಾಳಿ ತುಂಬಿದ ಸ್ಟೆಪ್ನಿ ಇಷ್ಟಿದ್ದರೆ ಅಂಥ ಕಾರಿಗೆ ಬೇಕಾದ ರಕ್ಷಣೆಯ ಬಹುಪಾಲು ದೊರೆತಂತೆ. ವರ್ಷಗಟ್ಟಲೆ ಡಿಕ್ಕಿಯ ಕತ್ತಲಲ್ಲಿ ಮಲಗಿ ಗಾಳಿ ಕಳೆದುಕೊಂಡಿರುವ ಸ್ಟೆಪ್ನಿ ಇದ್ದೂ ಇಲ್ಲದಂತೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಯಾವ ಟೈರಾದರೂ ಅದರ ಆಯುಸ್ಸನ್ನು ಹೆಚ್ಚಾಗಿ ನಿರ್ಧರಿಸುವುದು ಅದರಲ್ಲಿರುವ ಗಾಳಿ. ಒತ್ತಡ ಕಡಿಮೆಯಿದ್ದ ಟೈರು ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗುತ್ತದೆ, ಹೆಚ್ಚು ಕಾಯುತ್ತದೆ, ಬೇಗ ಒಡೆಯುತ್ತದೆ. ಈ ನಿಯಮದಿಂದ ರನ್ ಫ್ಲಾಟಿಗೂ ವಿನಾಯಿತಿಯಿಲ್ಲ. ಹದಿನೈದು ದಿನಕ್ಕೊಮ್ಮೆ, ದೂರ ಪ್ರಯಾಣಕ್ಕೆ ಮೊದಲು ತಪ್ಪದೆ, ಟೈರು ತಣ್ಣಗಿರುವಾಗ ಗಾಳಿ ನೋಡಿಸಿಕೊಳ್ಳಲು ತಗಲುವುದು ಐದು ನಿಮಿಷ. ರನ್ ಫ್ಲಾಟ್ ಕೊಡುವ 80 ಕಿಲೋಮೀಟರಿನ ಸಾಲವನ್ನು ಪಡೆಯುವ ಸಂದರ್ಭವೇ ಬಾರದಂತೆ ನೋಡಿಕೊಳ್ಳಲು ಅಷ್ಟು ಸಾಕಾಗುವುದೇ ಹೆಚ್ಚು.